ಸಮಾಜ ವಿಜ್ಞಾನದ ಬಿ.ಎ.: ಮೂರು ವಿಷಯಗಳ ಪದವಿಯೋ, ನಾಲ್ಕು ವರ್ಷದ ಅಂತರ್‌ಶಿಸ್ತೀಯ ಪದವಿಯೋ?

ನಮ್ಮ ಹೈಸ್ಕೂಲಿನ ಸಮಾಜ ವಿಜ್ಞಾನ ಪಠ್ಯದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ಭಾಗಗಳು ಒಂದೇ ವಿಷಯದ ಹೆಸರಿನಲ್ಲಿ ಬರುತ್ತವೆ. ಪಿಯುಸಿಯಲ್ಲಿ ಅವು ಬೇರೆ ಬೇರೆ ಪುಸ್ತಕಗಳಾಗುತ್ತವೆ. ಪದವಿಗೆ ಬಂದಾಗ ಅವುಗಳಲ್ಲಿ ಕೆಲವನ್ನು ಉಳಿಸಿಕೊಂಡು ಮಿಕ್ಕವನ್ನು ಬಿಡಬೇಕು. ಬಿಡುವುದಕ್ಕೆ ಮನಸ್ಸಿಲ್ಲದ ವಿದ್ಯಾರ್ಥಿಗಳು ಇಂದು ಕೇಳುತ್ತಿರುವ ಪ್ರಶ್ನೆ ಇದು: ಹತ್ತಿರದ ಪ್ರಥಮ ದರ್ಜೆ ಕಾಲೇಜಿನಲ್ಲಿ ಎಚ್‌ಇಪಿ (ಇತಿಹಾಸ-ಅರ್ಥಶಾಸ್ತ್ರ-ರಾಜ್ಯಶಾಸ್ತ್ರ) ತೆಗೆದುಕೊಳ್ಳುವುದೋ, ಬೆಂಗಳೂರು-ಮೈಸೂರಿನ ಸ್ವಾಯತ್ತ ಕಾಲೇಜಿನಲ್ಲಿ ಮನೋವಿಜ್ಞಾನ ಅಥವಾ ಪತ್ರಿಕೋದ್ಯಮ ಸೇರಿದ ಕಾಂಬಿನೇಷನ್ ಹುಡುಕುವುದೋ, ನಾಲ್ಕು ವರ್ಷದ ವಸತಿ ವಿಶ್ವವಿದ್ಯಾಲಯಕ್ಕೆ ಪ್ರವೇಶ ಪರೀಕ್ಷೆ ಬರೆಯುವುದೋ, ಕೆಲಸ ಮಾಡುತ್ತಲೇ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದುವುದೋ?

ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಂಬಬೇಡಿ. ಪದವಿಯ ಹೆಸರನ್ನು ಬದಿಗಿಟ್ಟು, ಓದು ಮುಗಿದಾಗ ಕೈಗೆ ಬರುವ ಅಂಕಪಟ್ಟಿಯಲ್ಲಿ ಯಾವ ವಿಷಯದ ಎಷ್ಟು ಪತ್ರಿಕೆಗಳಿರುತ್ತವೆ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಎಂ.ಎ. ಪ್ರವೇಶ, ಬಿ.ಎಡ್., ಶಿಕ್ಷಕರ ನೇಮಕಾತಿ, ಮುಂದೆ ಉಪನ್ಯಾಸಕ ಹುದ್ದೆ, ಇವೆಲ್ಲ ಕೊನೆಗೆ ಪರಿಶೀಲಿಸುವುದು ಅದನ್ನೇ.

ಅಳೆಯುವ ಮಾನದಂಡಗಳು

ಮೊದಲನೆಯದು ಆಳ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಹೊರಡಿಸಿದ ಪದವಿ ಪಠ್ಯಕ್ರಮ ಮತ್ತು ಕ್ರೆಡಿಟ್ ಚೌಕಟ್ಟು ಇಲ್ಲಿ ಒಳ್ಳೆಯ ಅಳತೆಗೋಲು. ಅದರ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. ಮೂರು ವರ್ಷದ ಪದವಿಯಲ್ಲಿ ಪ್ರಧಾನ ವಿಷಯಕ್ಕೆ ಕನಿಷ್ಠ 60 ಕ್ರೆಡಿಟ್, ಉಪವಿಷಯಕ್ಕೆ 24; ಬಹುಶಿಸ್ತೀಯ ಪತ್ರಿಕೆಗಳು, ಭಾಷೆ, ಕೌಶಲ, ಮೌಲ್ಯಾಧಾರಿತ ಪತ್ರಿಕೆಗಳು ಮತ್ತು ಬೇಸಿಗೆಯ ಇಂಟರ್ನ್‌ಶಿಪ್ ಉಳಿದದ್ದನ್ನು ಹಂಚಿಕೊಳ್ಳುತ್ತವೆ. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿನಲ್ಲಿ 15 ಗಂಟೆಗಳ ಪಾಠ. ಅಂದರೆ ಪ್ರಧಾನ ವಿಷಯವನ್ನು ಸುಮಾರು 900 ಗಂಟೆ, ಉಪವಿಷಯವನ್ನು 360 ಗಂಟೆ ತರಗತಿಯಲ್ಲಿ ಕೇಳಿದಂತಾಯಿತು. ಎರಡು ಪ್ರಧಾನ ವಿಷಯಗಳ ಪದವಿ ಬೇಕೆಂದರೆ ಎರಡನೆಯ ವಿಷಯದಲ್ಲಿ ಒಟ್ಟು ಕ್ರೆಡಿಟ್‌ಗಳ ಕನಿಷ್ಠ ಶೇ 40ರಷ್ಟು ಇರಬೇಕು. ಮೂರು ವರ್ಷದ ಪದವಿಯಲ್ಲಿ ಅದು 48 ಆಗುತ್ತದೆ. ಹಲವು ಶಿಸ್ತುಗಳನ್ನು, ಅಂದರೆ ಅಧ್ಯಯನ ವಿಷಯಗಳನ್ನು, ಕೂಡಿಸಿ ಕಲಿಸುವ ಅಂತರ್‌ಶಿಸ್ತೀಯ ಪದವಿಗಳಲ್ಲಿ ಪ್ರಧಾನ ವಿಷಯದ ಕ್ರೆಡಿಟ್‌ಗಳೇ ಹಲವು ಶಿಸ್ತುಗಳಿಗೆ ಹಂಚಿಹೋಗುತ್ತವೆ. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳು ತಮ್ಮದೇ ಚೌಕಟ್ಟನ್ನು ಅನುಸರಿಸುತ್ತವೆಯಾದರೂ, ನೀವು ಸೇರಲಿರುವ ಕೋರ್ಸಿನ ಪಠ್ಯಕ್ರಮವನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ ಯಾವ ವಿಷಯ ಆಳವಾಗಿದೆ, ಯಾವುದು ಪರಿಚಯಮಾತ್ರ ಎಂಬುದು ತಕ್ಷಣ ತಿಳಿಯುತ್ತದೆ.

ಎರಡನೆಯದು ಜೋಡಣೆ. ಮೂರು ವಿಷಯಗಳನ್ನು ಅಕ್ಕಪಕ್ಕದಲ್ಲಿ ಓದುವುದು ಬೇರೆ, ಅವುಗಳನ್ನು ಕೂಡಿಸಿ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು ಬೇರೆ. ನಮ್ಮ ಬಯಲುಸೀಮೆಯ ಯಾವುದಾದರೂ ಊರ ಕೆರೆಯನ್ನು ತೆಗೆದುಕೊಳ್ಳಿ. ತೂಬು ಎತ್ತಿದಾಗ ನೀರು ಮೊದಲು ಯಾರ ಗದ್ದೆಗೆ ಹೋಗುತ್ತದೆ, ಕಡೆಯ ಗದ್ದೆಯವನಿಗೆ ಎಷ್ಟು ಸಿಗುತ್ತದೆ ಎಂಬುದು ಒಂದೇ ಪ್ರಶ್ನೆ. ಕೆರೆ ಕಟ್ಟಿಸಿದವರ ಶಾಸನವನ್ನೂ, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗೆ ಬಿಟ್ಟ ಮಾನ್ಯದ ಜಮೀನಿನ ದಾಖಲೆಯನ್ನೂ ಇತಿಹಾಸದ ವಿದ್ಯಾರ್ಥಿ ಓದಬಲ್ಲ. ಕೊಳವೆಬಾವಿ ಬಂದ ಮೇಲೆ ಕೆರೆಯ ನೀರಿನ ಮೇಲಿನ ಅವಲಂಬನೆ ಏಕೆ ತಗ್ಗಿತೆಂದು ಅರ್ಥಶಾಸ್ತ್ರದವರು ಲೆಕ್ಕ ಹಾಕಬಲ್ಲರು. ನೀರುಗಂಟಿಯ ಕೆಲಸ ಯಾವ ಜಾತಿಯ ಮನೆತನಕ್ಕೆ ಏಕೆ ಬಂತು, ಅವರ ಮಕ್ಕಳು ಈಗ ಅದನ್ನು ಏಕೆ ಬಿಟ್ಟರು ಎಂಬುದು ಸಮಾಜಶಾಸ್ತ್ರದ ವಿಚಾರ. ಕೆರೆಯ ಹೊಣೆ ಗ್ರಾಮ ಪಂಚಾಯಿತಿಯದೋ, ಇಲಾಖೆಯದೋ, ಬಳಕೆದಾರರ ಸಂಘದ್ದೋ ಎಂಬುದು ರಾಜ್ಯಶಾಸ್ತ್ರಕ್ಕೆ ಸೇರಿದ್ದು. ಈ ನಾಲ್ಕನ್ನೂ ಒಬ್ಬನೇ ವಿದ್ಯಾರ್ಥಿ ಒಂದು ಕಿರುಪ್ರಬಂಧದಲ್ಲಿ ಕೂಡಿಸಬೇಕಾದರೆ ಸಂಶೋಧನಾ ವಿಧಾನ, ಪ್ರಾಥಮಿಕ ಸಂಖ್ಯಾಶಾಸ್ತ್ರ, ಕ್ಷೇತ್ರಕಾರ್ಯ ಮತ್ತು ಬರವಣಿಗೆಯ ತರಬೇತಿ ಇರಬೇಕು. ಆದ್ದರಿಂದ ಪಠ್ಯಕ್ರಮದಲ್ಲಿ ಈ ಹೆಸರಿನ ಪತ್ರಿಕೆಗಳಿವೆಯೇ, ಅಂತಿಮ ವರ್ಷದಲ್ಲಿ ಪ್ರಾಜೆಕ್ಟ್ ಕಡ್ಡಾಯವೇ, ಅದಕ್ಕೆ ಮಾರ್ಗದರ್ಶಕರು ಸಿಗುತ್ತಾರೆಯೇ ಎಂದು ಹುಡುಕಿ. ಪದವಿಯ ಹೆಸರಿನಲ್ಲಿ ಅಂತರ್‌ಶಿಸ್ತೀಯ ಎಂದಿದ್ದು ಇವು ಇಲ್ಲದಿದ್ದರೆ ಆ ಹೆಸರಿಗೆ ಬೆಲೆ ಕೊಡಬೇಕಾಗಿಲ್ಲ.

ಬೋಧನಾ ಮಾಧ್ಯಮ, ವರ್ಷಗಳು ಮತ್ತು ಒಟ್ಟು ಖರ್ಚು ಉಳಿದ ಮಾನದಂಡಗಳು. ಖರ್ಚು ಎಂದಾಗ ಶುಲ್ಕವೊಂದನ್ನೇ ನೋಡಬಾರದು. ಹಾಸ್ಟೆಲ್, ಊಟ, ಓಡಾಟ ಮತ್ತು ಮನೆಗೆ ಬರಬೇಕಾಗಿದ್ದ ಒಂದು ವರ್ಷದ ಸಂಪಾದನೆ ತಡವಾಗುವುದು ಕೂಡ ಅದರಲ್ಲಿ ಸೇರುತ್ತವೆ.

ರಾಜ್ಯ ವಿಶ್ವವಿದ್ಯಾಲಯದ ಮೂರು ವಿಷಯಗಳ ಬಿ.ಎ.

ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ನಾಲ್ಕು ವರ್ಷದ ಪದವಿಯನ್ನು ಜಾರಿಗೆ ತಂದಿತು. ಬಳಿಕ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ಈಗ ಸೇರುವವರು ಅಣ್ಣ-ಅಕ್ಕಂದಿರ ಎನ್‌ಇಪಿ ಪಠ್ಯಕ್ರಮವನ್ನು ನೋಡಿ ತೀರ್ಮಾನಿಸುವಂತಿಲ್ಲ. ತಮ್ಮ ವಿಶ್ವವಿದ್ಯಾಲಯದ ಎಸ್‌ಇಪಿ ಪಠ್ಯಕ್ರಮವನ್ನೇ ತೆರೆದು ನೋಡಬೇಕು.

ಇಲ್ಲಿ ಭಾಷೆಗಳು ಮತ್ತು ಕಡ್ಡಾಯ ಪತ್ರಿಕೆಗಳ ಜೊತೆಗೆ ಮೂರು ಐಚ್ಛಿಕ ವಿಷಯಗಳು ಇರುತ್ತವೆ. ಇತಿಹಾಸ-ಅರ್ಥಶಾಸ್ತ್ರ-ರಾಜ್ಯಶಾಸ್ತ್ರ, ಇತಿಹಾಸ-ಅರ್ಥಶಾಸ್ತ್ರ-ಸಮಾಜಶಾಸ್ತ್ರ, ಅರ್ಥಶಾಸ್ತ್ರದ ಬದಲು ಐಚ್ಛಿಕ ಕನ್ನಡ ಇರುವಂಥವು ಎಲ್ಲೆಡೆ ಸಿಗುವ ಜೋಡಿಗಳು. ಇದರ ದೊಡ್ಡ ಅನುಕೂಲವೆಂದರೆ ಮೂರೂ ವಿಷಯಗಳ ಹೆಸರು ಅಂಕಪಟ್ಟಿಯಲ್ಲಿ ಸ್ಪಷ್ಟವಾಗಿ ಇರುತ್ತದೆ ಎಂಬುದು. ನಮ್ಮ ವಿಶ್ವವಿದ್ಯಾಲಯಗಳು ಎಂ.ಎ. ಪ್ರವೇಶಕ್ಕೆ ಆ ವಿಷಯವನ್ನು ಪದವಿಯಲ್ಲಿ ಐಚ್ಛಿಕವಾಗಿ ಓದಿರಬೇಕೆಂದು ಸಾಮಾನ್ಯವಾಗಿ ಕೇಳುತ್ತವೆ. ಎಚ್‌ಇಪಿ ಓದಿದವರಿಗೆ ಮೂರು ಎಂ.ಎ.ಗಳ ಬಾಗಿಲು ತೆರೆದಿರುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ಯಾವ ವಿಷಯ ತನ್ನದು ಎಂದು ತಿಳಿಯದ ವಿದ್ಯಾರ್ಥಿಗೆ ಇದು ಸಣ್ಣ ಅನುಕೂಲವಲ್ಲ.

ಮೂರು ವಿಷಯಗಳಿಗೆ ಸಮಯ ಸಮನಾಗಿ ಹಂಚಿಹೋಗುವುದರಿಂದ ಯಾವ ಒಂದು ವಿಷಯದಲ್ಲೂ ಆನರ್ಸ್ ವಿದ್ಯಾರ್ಥಿಯಷ್ಟು ಆಳ ಬರುವುದಿಲ್ಲ. ಇನ್ನೂ ದೊಡ್ಡ ಕೊರತೆ ಜೋಡಣೆಯದು. ಬೆಳಿಗ್ಗೆ ಹತ್ತು ಗಂಟೆಯ ತರಗತಿಯಲ್ಲಿ ಭೂಸುಧಾರಣೆಯನ್ನು ಅರ್ಥಶಾಸ್ತ್ರದ ಮೇಷ್ಟ್ರು ಉತ್ಪಾದಕತೆಯ ಪ್ರಶ್ನೆಯಾಗಿ ಹೇಳುತ್ತಾರೆ. ಹನ್ನೊಂದಕ್ಕೆ ರಾಜ್ಯಶಾಸ್ತ್ರದ ಮೇಡಂ ಅದನ್ನೇ ದೇವರಾಜ ಅರಸು ಅವರ ರಾಜಕಾರಣವಾಗಿ ವಿವರಿಸುತ್ತಾರೆ. ಇವೆರಡೂ ಒಂದೇ ಸಂಗತಿ ಎಂದು ಕೂಡಿಸಿ ತೋರಿಸುವ ಪತ್ರಿಕೆ ವೇಳಾಪಟ್ಟಿಯಲ್ಲಿ ಇರುವುದು ಅಪರೂಪ. ಆ ಕೆಲಸ ವಿದ್ಯಾರ್ಥಿಯ ಪಾಲಿಗೇ ಬೀಳುತ್ತದೆ, ಅದನ್ನು ಮಾಡುವವರು ಚೆನ್ನಾಗಿಯೇ ಬೆಳೆಯುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿ ಬರೆಯಬಹುದೆಂಬುದನ್ನು ಹಲವರು ಕೊರತೆಯೆಂಬಂತೆ ಮಾತನಾಡುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ತಾನು ಹುಟ್ಟಿ ಬೆಳೆದ ಸಮಾಜವನ್ನು ತನ್ನ ನುಡಿಯಲ್ಲಿ ವಿಶ್ಲೇಷಿಸಲು ಕಲಿತವರಿಗೆ ವಿಷಯ ಬಾಯಿಪಾಠವಾಗಿ ಉಳಿಯುವುದಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗಗಳು ಸಮಾಜ ವಿಜ್ಞಾನದಲ್ಲಿ ಗಂಭೀರವಾದ ಕನ್ನಡ ಪುಸ್ತಕಗಳನ್ನು ಪ್ರಕಟಿಸಿವೆ. ಪ್ರಶ್ನೋತ್ತರದ ಗೈಡುಗಳನ್ನಷ್ಟೇ ನೆಚ್ಚಿಕೊಂಡು ಓದಿದರೆ ಯಾವ ಮಾಧ್ಯಮವೂ ಕೈಹಿಡಿಯದು. ಆದರೆ ಹೊರರಾಜ್ಯದಲ್ಲಿ ಎಂ.ಎ. ಅಥವಾ ಸಂಶೋಧನೆಯ ಆಸೆ ಇರುವವರು ಮೊದಲ ವರ್ಷದಿಂದಲೇ ಇಂಗ್ಲಿಷ್ ಓದನ್ನು ಜೊತೆಗೆ ಬೆಳೆಸಿಕೊಳ್ಳಬೇಕು.

ಖರ್ಚಿನಲ್ಲಿ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಿಗೆ ಸಾಟಿಯಿಲ್ಲ. ಮನೆಯಿಂದಲೇ ಹೋಗಿಬರಬಹುದಾದರೆ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ತಾಲ್ಲೂಕು ಕೇಂದ್ರದಲ್ಲಿ ಬೇಕಾದ ಕಾಂಬಿನೇಷನ್ ಇಲ್ಲದಿದ್ದರೆ ಜಿಲ್ಲಾ ಕೇಂದ್ರದವರೆಗೆ ನೋಡುವ ಅವಕಾಶವನ್ನು ಇದು ಕೊಟ್ಟಿದೆ. ಸೇರುವ ಮೊದಲು ಕಾಲೇಜಿಗೆ ಹೋಗಿ ಪ್ರತಿ ವಿಷಯಕ್ಕೆ ಕಾಯಂ ಪ್ರಾಧ್ಯಾಪಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು ಎಂದು ವಿಚಾರಿಸಿ. ಅತಿಥಿ ಉಪನ್ಯಾಸಕರಲ್ಲಿ ಅತ್ಯುತ್ತಮ ಶಿಕ್ಷಕರು ಎಷ್ಟೋ ಮಂದಿ ಇದ್ದಾರೆ. ಆದರೆ ಅವರ ನೇಮಕಾತಿ ತಡವಾದ ವರ್ಷ ಸೆಮಿಸ್ಟರಿನ ಮೊದಲ ವಾರಗಳ ಪಾಠ ತಪ್ಪುತ್ತದೆ, ಅದರ ನಷ್ಟ ವಿದ್ಯಾರ್ಥಿಗೆ. ಹಾಗೆಯೇ ಸಾಕಷ್ಟು ಮಂದಿ ಸೇರದ ಕಾಂಬಿನೇಷನ್ನನ್ನು ಕಾಲೇಜು ಆ ವರ್ಷ ನಡೆಸದೇ ಇರಬಹುದು. ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲಿನಲ್ಲಿ ಆಯ್ಕೆ ನಮೂದಿಸುವ ಮುನ್ನವೇ ಇದನ್ನು ಕೇಳಿಕೊಳ್ಳಿ.

ನಗರದ ಸ್ವಾಯತ್ತ ಹಾಗೂ ಖಾಸಗಿ ಕಾಲೇಜುಗಳು

ಇವುಗಳ ಆಕರ್ಷಣೆ ಮನೋವಿಜ್ಞಾನ, ಪತ್ರಿಕೋದ್ಯಮ, ಇಂಗ್ಲಿಷ್ ಸಾಹಿತ್ಯ, ಸಂಖ್ಯಾಶಾಸ್ತ್ರ ಸೇರಿದ ಕಾಂಬಿನೇಷನ್‌ಗಳು. ಮಾಧ್ಯಮ ಅಥವಾ ಆಪ್ತಸಮಾಲೋಚನೆಯ ಕಡೆಗೆ ಒಲವಿರುವವರಿಗೆ ಇವು ಸರಿ. ಅರ್ಥಶಾಸ್ತ್ರದಲ್ಲಿ ಮುಂದುವರಿಯಬೇಕೆಂದು ಮನಸ್ಸು ಮಾಡಿದವರು ಅರ್ಥಶಾಸ್ತ್ರದ ಜೊತೆ ಗಣಿತ ಅಥವಾ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ನನ್ನೇ ಹುಡುಕಬೇಕು. ದೇಶದ ಮುಂಚೂಣಿಯ ಅರ್ಥಶಾಸ್ತ್ರ ಎಂ.ಎ.ಗಳ ಪ್ರವೇಶ ಪರೀಕ್ಷೆಗಳಲ್ಲಿ ಗಣಿತದ ಪಾಲು ದೊಡ್ಡದು. ಎಸ್ಸೆಸ್ಸೆಲ್ಸಿಗೇ ಗಣಿತ ಬಿಟ್ಟು ಬಂದ ಎಚ್‌ಇಪಿ ವಿದ್ಯಾರ್ಥಿ ಅಲ್ಲಿ ಕಷ್ಟಪಡುತ್ತಾನೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಶಾಲಾ ಶಿಕ್ಷಕರಾಗಬೇಕೆಂಬ ಯೋಚನೆ ಎಲ್ಲೋ ಒಂದು ಮೂಲೆಯಲ್ಲಿ ಇದ್ದರೂ, ಮನೋವಿಜ್ಞಾನ-ಪತ್ರಿಕೋದ್ಯಮದಂಥ ಜೋಡಿಯನ್ನು ತೆಗೆದುಕೊಳ್ಳುವ ಮೊದಲು ಇತ್ತೀಚಿನ ಶಿಕ್ಷಕರ ನೇಮಕಾತಿ ಅಧಿಸೂಚನೆಯನ್ನು ತೆರೆದು ಓದಿ. ಸಮಾಜ ವಿಜ್ಞಾನ ಶಿಕ್ಷಕರ ಹುದ್ದೆಗೆ ಪದವಿಯಲ್ಲಿ ಯಾವ ಐಚ್ಛಿಕ ವಿಷಯಗಳನ್ನು ಓದಿರಬೇಕೆಂದು ಅದರಲ್ಲಿ ಹೇಳಿರುತ್ತಾರೆ, ಮತ್ತು ಶಾಲೆಯಲ್ಲಿ ಕಲಿಸದ ವಿಷಯಗಳು ಆ ಪಟ್ಟಿಗೆ ಬರುವುದು ಕಷ್ಟ. ಶಿಕ್ಷಕ ವೃತ್ತಿಯೇ ಗುರಿ ಎಂದು ಖಚಿತವಾಗಿರುವವರು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ನಾಲ್ಕು ವರ್ಷದ ಬಿ.ಎ.-ಬಿ.ಎಡ್. ಸಂಯೋಜಿತ ಕೋರ್ಸನ್ನು ಪರಿಗಣಿಸಬಹುದು. ಮೂರು ವರ್ಷದ ಬಿ.ಎ., ಆಮೇಲೆ ಎರಡು ವರ್ಷದ ಬಿ.ಎಡ್. ಎಂಬ ದಾರಿಗಿಂತ ಒಂದು ವರ್ಷ ಉಳಿಯುತ್ತದೆ.

ನಾಲ್ಕು ವರ್ಷದ ಅಂತರ್‌ಶಿಸ್ತೀಯ ಪದವಿ

ಜೋಡಣೆ ಎಂಬ ಮಾನದಂಡದಲ್ಲಿ ಈ ಆಯ್ಕೆ ಎಲ್ಲಕ್ಕಿಂತ ಮುಂದಿದೆ. ಬೆಂಗಳೂರಿನ ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಬಿ.ಎ. ಆನರ್ಸ್ ನಮ್ಮ ಕಣ್ಣೆದುರಿನ ಉದಾಹರಣೆ. ಅಲ್ಲಿ ಪ್ರಧಾನ ವಿಷಯದ ಜೊತೆಗೆ ಎಲ್ಲರೂ ಓದಬೇಕಾದ ಸಾಮಾನ್ಯ ಪಠ್ಯಭಾಗವೂ, ಬೇರೆ ಶಿಸ್ತುಗಳಿಂದ ಆರಿಸಿಕೊಳ್ಳುವ ಪತ್ರಿಕೆಗಳೂ ಇರುತ್ತವೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆ ತುಳಜಾಪುರದ ತನ್ನ ಆವರಣದಲ್ಲಿ ಸಮಾಜ ವಿಜ್ಞಾನಗಳ ಬಿ.ಎ. ಕೋರ್ಸನ್ನು ರೂಪಿಸಿದೆ. ಸೊಲ್ಲಾಪುರದ ಆಚೆಗಿರುವ ಆ ಊರು ಕಲಬುರಗಿ, ವಿಜಯಪುರ, ಬೀದರ್ ಜಿಲ್ಲೆಗಳವರಿಗೆ ಬೆಂಗಳೂರಿಗಿಂತ ಹತ್ತಿರ. ಕೇಂದ್ರೀಯ ವಿಶ್ವವಿದ್ಯಾಲಯಗಳ ದಾರಿ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ. 2022ರಲ್ಲಿ ಆರಂಭವಾದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕಲಬುರಗಿ ಬಳಿ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ, ದೂರದ ದೆಹಲಿ ವಿಶ್ವವಿದ್ಯಾಲಯಕ್ಕೂ ಇದೇ ಬಾಗಿಲು.

ಇಲ್ಲಿ ಎರಡು ಸಂಗತಿಗಳನ್ನು ತೂಗಿ ನೋಡಬೇಕು. ಒಂದು, ಅಂಕಪಟ್ಟಿ. ಪ್ರಧಾನ ವಿಷಯ ಅರ್ಥಶಾಸ್ತ್ರ ಅಥವಾ ಇತಿಹಾಸ ಎಂದಿದ್ದರೆ ಚಿಂತೆಯಿಲ್ಲ. ಅದು ಸಮಾಜ ವಿಜ್ಞಾನ ಎಂದಷ್ಟೇ ಇದ್ದರೆ, ಮುಂದೆ ಸಮಾಜಶಾಸ್ತ್ರದ ಎಂ.ಎ.ಗೆ ಅರ್ಜಿ ಹಾಕಿದಾಗ ಆ ವಿಷಯದ ಪತ್ರಿಕೆಗಳು ಸಾಲುತ್ತವೆಯೇ ಎಂಬ ಪ್ರಶ್ನೆ ಏಳಬಹುದು. ಇದಕ್ಕೆ ಪರಿಹಾರ ವಿದ್ಯಾರ್ಥಿಯ ಕೈಯಲ್ಲೇ ಇದೆ. ಆಯ್ಕೆಯ ಪತ್ರಿಕೆಗಳನ್ನು ಅಲ್ಲೊಂದು ಇಲ್ಲೊಂದು ಹೆಕ್ಕದೆ, ಎರಡನೆಯ ವರ್ಷದಿಂದ ಒಂದೇ ಶಿಸ್ತಿನ ಕಡೆಗೆ ಕೂಡಿಸುತ್ತ ಹೋಗಬೇಕು. ಇಪ್ಪತ್ನಾಲ್ಕಕ್ಕೂ ಹೆಚ್ಚು ಕ್ರೆಡಿಟ್‌ಗಳು ಒಂದೇ ವಿಷಯದಲ್ಲಿದ್ದರೆ, ಅದು ಕನಿಷ್ಠ ಮೂರು ವರ್ಷದ ಪದವಿಯ ಉಪವಿಷಯದಷ್ಟಾದರೂ ಇದೆ ಎಂದು ಯಾರಿಗಾದರೂ ತೋರಿಸಬಹುದು. ಎಲ್ಲವೂ ಚಂದ ಕಾಣುವ ಆ ವಯಸ್ಸಿನಲ್ಲಿ ಪತ್ರಿಕೆಗಳನ್ನು ಚದುರಿಸಿಕೊಳ್ಳುವುದು ಸುಲಭ, ಅದಕ್ಕಾಗಿ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು, ನಾಲ್ಕನೆಯ ವರ್ಷ. ಯುಜಿಸಿ ಚೌಕಟ್ಟಿನಲ್ಲಿ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಥವಾ ಹೆಚ್ಚು ಪಡೆದವರು ಸಂಶೋಧನೆಯೊಂದಿಗಿನ ಆನರ್ಸ್ ಆಯ್ದುಕೊಂಡು 12 ಕ್ರೆಡಿಟ್‌ನ ಸಂಶೋಧನಾ ಪ್ರಾಜೆಕ್ಟ್ ಮಾಡಬಹುದು. 2022ರ ಪಿಎಚ್‌.ಡಿ. ನಿಯಮಗಳ ಪ್ರಕಾರ ಶೇ 75 ಅಂಕಗಳೊಡನೆ ನಾಲ್ಕು ವರ್ಷದ ಪದವಿ ಮುಗಿಸಿದವರು ನೇರವಾಗಿ ಪಿಎಚ್‌.ಡಿ. ಪ್ರವೇಶಕ್ಕೆ ಅರ್ಹರು, ಎಂ.ಎ. ಮಾಡುವುದಾದರೆ ಅವರಿಗೆ ಒಂದು ವರ್ಷದ ಎಂ.ಎ. ಸಾಕಾಗಬಹುದು. ಆದರೆ ಕಾಲೇಜು ಉಪನ್ಯಾಸಕ ಹುದ್ದೆಗೆ ಆ ವಿಷಯದ ಸ್ನಾತಕೋತ್ತರ ಪದವಿಯೂ ಎನ್‌ಇಟಿ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಯ ತೇರ್ಗಡೆಯೂ ಬೇಕೆಂಬ ವಾಡಿಕೆಯ ದಾರಿಯನ್ನು ಮರೆಯಬಾರದು. ಮೂರು ಮತ್ತು ಎರಡು ಸೇರಿದರೆ ಐದು, ನಾಲ್ಕು ಮತ್ತು ಒಂದು ಸೇರಿದರೂ ಐದು. ಎಂ.ಎ.ವರೆಗೆ ಓದುವುದು ಖಚಿತವಾದವರಿಗೆ ನಾಲ್ಕನೆಯ ವರ್ಷ ಹೆಚ್ಚುವರಿ ಹೊರೆಯಲ್ಲ. ಪದವಿ ಮುಗಿದ ತಕ್ಷಣ ದುಡಿಯಲೇಬೇಕಾದ ಮನೆಯವರಿಗೆ ಅದು ದೊಡ್ಡ ಹೊರೆ.

ಖಾಸಗಿ ವಸತಿ ವಿಶ್ವವಿದ್ಯಾಲಯ ಎಂದೊಡನೆ ಶುಲ್ಕಕ್ಕೆ ಹೆದರಿ ಹಿಂದೆ ಸರಿಯುವವರು ಬಹಳ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಕುಟುಂಬದ ಆದಾಯವನ್ನು ನೋಡಿ ಬೋಧನಾ ಶುಲ್ಕ ಮತ್ತು ವಸತಿ ವೆಚ್ಚದಲ್ಲಿ ವಿನಾಯಿತಿ ಕೊಡುವ ವ್ಯವಸ್ಥೆ ಇದೆ. ಆದಾಯ ಕಡಿಮೆಯಿರುವ ಮನೆಯ ಮಕ್ಕಳು ಅರ್ಜಿಯನ್ನೇ ಹಾಕದೆ ಬಿಡುವುದು ನನಗೆ ಬೇಸರ ತರುವ ವಿಚಾರ. ನಿಜವಾದ ಏರು ಇಂಗ್ಲಿಷಿನದು. ಹಳ್ಳಿಯ ಕನ್ನಡ ಶಾಲೆಯಿಂದ ಬಂದವರಿಗೆ ವಾರಕ್ಕೆ ಹಲವು ಲೇಖನಗಳನ್ನು ಇಂಗ್ಲಿಷಿನಲ್ಲಿ ಓದಿ ಪ್ರಬಂಧ ಬರೆಯುವುದು ಮೊದಲ ವರ್ಷ ಕಠಿಣವಾಗಿಯೇ ಇರುತ್ತದೆ. ಆದ್ದರಿಂದ ಸಂಸ್ಥೆಯನ್ನು ಆರಿಸುವಾಗ ಮೊದಲ ವರ್ಷದ ಭಾಷಾ ಬೆಂಬಲದ ತರಗತಿಗಳು ಹೇಗೆ ನಡೆಯುತ್ತವೆಂದು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನೇ ಕೇಳಿ.

ಮುಕ್ತ ವಿಶ್ವವಿದ್ಯಾಲಯಗಳು

ದುಡಿಯುತ್ತಿರುವವರಿಗೆ, ಮದುವೆಯಾಗಿ ಓದು ನಿಂತವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೊ ಎರಡೂ ಇವೆ. ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣ ಪದವಿಯು ರೆಗ್ಯುಲರ್ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಕನ್ನಡದಲ್ಲಿ ಓದಿ ಬರೆಯಬೇಕೆನ್ನುವವರು ಮೈಸೂರಿನದನ್ನು ಆಯ್ದುಕೊಳ್ಳಲಿ. ಇಗ್ನೊ ಪಠ್ಯಗಳು ಇಂಗ್ಲಿಷ್ ಓದಬಲ್ಲವರಿಗೆ ಸ್ವಂತವಾಗಿ ಕಲಿಯಲು ತುಂಬ ಒಳ್ಳೆಯವು, ಎಷ್ಟೋ ಸ್ಪರ್ಧಾತ್ಮಕ ಪರೀಕ್ಷಾರ್ಥಿಗಳು ಅವನ್ನೇ ಓದುತ್ತಾರೆ. ಕ್ಷೇತ್ರಕಾರ್ಯವನ್ನಾಗಲಿ, ಸಹಪಾಠಿಗಳೊಡನೆಯ ಚರ್ಚೆಯನ್ನಾಗಲಿ ಇಲ್ಲಿ ನಿರೀಕ್ಷಿಸುವಂತಿಲ್ಲ. ಮನೆಯಿಂದ ಕಾಲೇಜಿಗೆ ಹೋಗುವ ಅನುಕೂಲವಿರುವ ಹದಿನೆಂಟರ ಹುಡುಗ-ಹುಡುಗಿಯರಿಗೆ ಇದನ್ನು ಮೊದಲ ಆಯ್ಕೆಯಾಗಿ ನಾನು ಹೇಳಲಾರೆ.

ನಿಮ್ಮ ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಕೆಎಎಸ್, ಐಎಎಸ್ ಮನಸ್ಸಿನಲ್ಲಿದ್ದರೆ ಅಲ್ಲಿ ಯಾವುದೇ ಪದವಿ ಸಾಕು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಒಟ್ಟು 1750 ಅಂಕಗಳಲ್ಲಿ ಐಚ್ಛಿಕ ವಿಷಯಕ್ಕೆ 500 ಅಂಕಗಳಿದ್ದು, ಕನ್ನಡದಲ್ಲೂ ಬರೆಯಬಹುದು. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮೂರನ್ನೂ ಓದಿದವರಿಗೆ ಸಾಮಾನ್ಯ ಅಧ್ಯಯನದ ಬಹುಭಾಗ ಪರಿಚಿತವಾಗಿರುತ್ತದೆ. ಈ ಗುರಿಗೆ ಕಡಿಮೆ ಖರ್ಚಿನ ಮೂರು ವರ್ಷದ ಬಿ.ಎ. ಮಾಡಿ, ಉಳಿದ ಹಣ ಮತ್ತು ವರ್ಷವನ್ನು ತಯಾರಿಗೆ ಇಡುವುದು ಜಾಣತನ. ಹೈಸ್ಕೂಲು ಶಿಕ್ಷಕರಾಗುವವರಿಗೂ ಶಾಲಾ ವಿಷಯಗಳಿರುವ ಇದೇ ಬಿ.ಎ. ಅಥವಾ ಸಂಯೋಜಿತ ಬಿ.ಎ.-ಬಿ.ಎಡ್. ಸೂಕ್ತ. ಸಂಶೋಧನೆ, ನೀತಿ ಅಧ್ಯಯನ, ಸ್ವಯಂಸೇವಾ ಸಂಸ್ಥೆಗಳ ಕೆಲಸ ಎನ್ನುವವರು ಸಾಧ್ಯವಿದ್ದರೆ ನಾಲ್ಕು ವರ್ಷದ ಪದವಿಗೇ ಪ್ರಯತ್ನಿಸಲಿ, ಏಕೆಂದರೆ ವಿಧಾನದ ತರಬೇತಿ ಮುಂದೆ ಒಂಟಿಯಾಗಿ ಕಲಿಯಲು ಕಷ್ಟ.

ಆ ಸೀಟು ಸಿಗಲಿಲ್ಲ, ಅಥವಾ ಮನೆಯವರು ದೂರ ಕಳಿಸಲು ಒಪ್ಪಲಿಲ್ಲ ಎಂದರೂ ದಾರಿಯಿದೆ. ಯುಜಿಸಿ 2021ರ ನಿಯಮಗಳಲ್ಲಿ ಸೆಮಿಸ್ಟರಿನ ಶೇ 40ರವರೆಗಿನ ಕ್ರೆಡಿಟ್‌ಗಳನ್ನು ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ವೇದಿಕೆಯ ಆನ್‌ಲೈನ್ ಕೋರ್ಸುಗಳಿಂದ ಪಡೆಯಲು ಅವಕಾಶ ಕೊಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆಯೇ ಎಂದು ಪ್ರಾಂಶುಪಾಲರನ್ನು ಕೇಳಿ. ಹಿಡಿಯದಿದ್ದರೂ ಸಂಖ್ಯಾಶಾಸ್ತ್ರದ ಒಂದು ಕೋರ್ಸು, ಸಂಶೋಧನಾ ವಿಧಾನದ ಒಂದು ಕೋರ್ಸು ಮುಗಿಸಿ ಪ್ರಮಾಣಪತ್ರ ಇಟ್ಟುಕೊಳ್ಳಿ. ಒಂದು ರೆಗ್ಯುಲರ್ ಪದವಿಯ ಜೊತೆಗೆ ಇನ್ನೊಂದನ್ನು ದೂರಶಿಕ್ಷಣದಲ್ಲಿ ಮಾಡಲು 2022ರಿಂದ ಅನುಮತಿಯಿದ್ದರೂ ಮೊದಲ ವರ್ಷದಲ್ಲೇ ಅದಕ್ಕೆ ಕೈಹಾಕಬೇಡಿ. ಅದರ ಬದಲು ಎರಡನೆಯ ವರ್ಷದ ಬೇಸಿಗೆ ರಜೆಯಲ್ಲಿ ನಿಮ್ಮ ಊರಿನ ಒಂದು ಸಂಗತಿಯನ್ನು, ಕೆರೆಯೋ ಸಂತೆಯೋ ಹಾಲಿನ ಡೇರಿಯೋ ಯಾವುದಾದರೂ ಸರಿ, ಮನೆಮನೆಗೆ ಹೋಗಿ ವಿಚಾರಿಸಿ ಹದಿನೈದು-ಇಪ್ಪತ್ತು ಪುಟಗಳ ವರದಿ ಬರೆದು ನಿಮ್ಮ ಮೂವರು ವಿಷಯ ಶಿಕ್ಷಕರಿಗೂ ಓದಲು ಕೊಡಿ. ಎಂ.ಎ. ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಯ ಜೊತೆ ಆ ವರದಿಯ ಪ್ರತಿಯನ್ನೂ ಕಡತದಲ್ಲಿ ಇಟ್ಟುಕೊಂಡು ಹೋಗಿ.